ಖಾಲಿ ಚೀಟಿ

ಏಳು ಪಂದ್ಯ, ಏಳು ಸೋಲು.
ಇಪ್ಪತ್ತಮೂರು ಗೋಲು, ಅಷ್ಟನ್ನೂ ಬಿಟ್ಟವನು ನಾನು.
ಹೋಗಬೇಕಾದವನು ಮಾತ್ರ
ಗೆರೆಯಾಚೆ ನಿಂತು ಕೊಡೆ ಬಿಚ್ಚಿ ಮಡಚಿ
ಒಂದು ಸಲವೂ ಚೆಂಡು ಮುಟ್ಟದ
ಪೆಮ್ಮಯ್ಯ.

ವಿರಾಜಪೇಟೆ, ಟೈರಂಗಡಿಯ ಅಟ್ಟ.
ಹನ್ನೊಂದು ಜನ, ಒಂಬತ್ತು ಕುರ್ಚಿ,
ನಡುವೆ ಒಂದು ತಟ್ಟೆ ಬಾಳೆಕಾಯಿ ಚಿಪ್ಸು.
ಕೆಳಗೆ ರಸ್ತೆ ಬದಿ ಜೀಪಿನಲ್ಲಿ ಅವನು.
"ನೀವು ಮಾತಾಡ್ಕೊಳ್ಳಿ, ನಾನಿದ್ರೆ ನಿಮಗೆ ಕಷ್ಟ" ಎಂದು
ತಾನೇ ಇಳಿದು ಹೋಗಿ ಕೂತಿದ್ದಾನೆ,
ಲೈಟು ಆರಿಸಿ.
ಬ್ಯಾಟರಿ ಹಳೆಯದು.

ಸಜೀರ್ ಶುರು ಮಾಡಿದ:
ಗೋಣಿಕೊಪ್ಪದವರು ಲ್ಯಾಪ್‌ಟಾಪ್ ತರ್ತಾರೆ,
ಯಾರು ಎಲ್ಲಿ ಎಷ್ಟು ಓಡಿದ, ಎಲ್ಲ ಅದರಲ್ಲಿದೆ.
ನಮ್ಮವ ಇನ್ನೂ ಬಾನೆಟ್ಟಿನ ಮೇಲೆ
ಬೆಂಕಿಕಡ್ಡಿ ಜೋಡಿಸಿ ಆಟ ಹೇಳ್ತಾನೆ.
ನಿಜ.
ಉರಿದು ಕಪ್ಪಾದ ಕಡ್ಡಿ ಯಾವಾಗಲೂ ನಾನು,
ಗೋಲ್‌ಕೀಪರ್.

ಲೋಬೊ ನಕ್ಕ:
ಮಾದಪ್ಪನ್ನ ತೆಗೆದ್ವಿ, ಎರಡು ಪಂದ್ಯ ಗೆದ್ವಿ.
ಸುಬೇದಾರ್ರನ್ನ ತೆಗೆದ್ವಿ, ಒಂದು.
ಹೀಗೇ ತೆಗೀತಾ ಗೆಲ್ತೀವಿ ಅಂದ್ರೆ
ಕಪ್ಪು ಬರೋದ್ರೊಳಗೆ
ಊರಲ್ಲಿ ಜನ ಮುಗಿದು ಹೋಗ್ತಾರೆ.
ಯಾರೂ ನಗಲಿಲ್ಲ.

ಅವನ ತಪ್ಪೇ ಇಲ್ಲವೆಂದಲ್ಲ.
ಕುಶಾಲನಗರದಲ್ಲಿ ಎರಡು ಗೋಲು ಮುಂದಿದ್ದೆವು.
ಬಿದ್ದಪ್ಪನ ಕಾಲು ಉಳುಕಿ
ಪಾದ ಬೂಟಿನೊಳಗೆ ಬ್ರೆಡ್ಡಿನ ಹಾಗೆ ಉಬ್ಬುತ್ತಿತ್ತು.
ಬದಲಿಸು ಬದಲಿಸು ಎಂದು ಎಲ್ಲರೂ ಕೂಗಿದರೆ
"ಸಾಕು ಅಂತ ಅವನೇ ಹೇಳ್ಲಿ" ಅಂದ ಪೆಮ್ಮಯ್ಯ.
ಬಿದ್ದಪ್ಪ ಹೇಳಲಿಲ್ಲ.
ಸೋತೆವು.
ಇವತ್ತು ಬಿದ್ದಪ್ಪ ಕುರ್ಚಿ ಬೇಡವೆಂದು
ಗೋಡೆಗೊರಗಿ ನಿಂತಿದ್ದಾನೆ,
ಯಾರ ಕಡೆಯೋ ಗೊತ್ತಿಲ್ಲ.

ನನಗೆ ಒಂದು ಮಾತು ಹೇಳಬೇಕಿತ್ತು.
ಹೋದ ತಿಂಗಳು ರಾತ್ರಿ ಅಮ್ಮತ್ತಿ ಮೈದಾನಕ್ಕೆ ಆನೆ ಬಂದಿತ್ತು,
ತಡವಾಗಿ ಬಂದ ಆಟಗಾರನ ಹಾಗೆ
ನೆಟ್ಟಗೆ ನನ್ನ ಗೋಲಿನವರೆಗೆ.
ಬೋಗುಣಿಯಷ್ಟು ಆಳದ ನಾಲ್ಕು ಹೆಜ್ಜೆ.
ಐದೂವರೆಗೆ ನಾನು ಹೋಗುವಷ್ಟರಲ್ಲಿ
ಮೂರು ಮುಚ್ಚಿಯಾಗಿತ್ತು.
ನಾಲ್ಕನೆಯದರ ಪಕ್ಕ ಮಂಡಿಯೂರಿ ಪೆಮ್ಮಯ್ಯ
ಅಂಗೈಯಿಂದ ಮಣ್ಣು ತಟ್ಟುತ್ತಿದ್ದ,
ಹಾಲು ಕುಡಿದ ಕೂಸಿನ ಬೆನ್ನು ತಟ್ಟುವಂತೆ.
ತಲೆಯೆತ್ತಲಿಲ್ಲ.
ಇದನ್ನು ಹೇಳಲು ಬಾಯಿ ತೆರೆದೆ.
ಮಣ್ಣು ಮುಚ್ಚಿದ್ದಕ್ಕೂ ಪಂದ್ಯ ಗೆಲ್ಲುವುದಕ್ಕೂ
ಏನು ಸಂಬಂಧ ಎಂದು ಕೇಳಿದರೆ?
ತೆರೆದ ಬಾಯಿಗೆ ಚಿಪ್ಸು ಹಾಕಿಕೊಂಡೆ.

ಕಾಫಿ ಮಾರಿದ ಬಿಲ್ಲು ಹರಿದು ಹನ್ನೊಂದು ಚೀಟಿ.
ಇರಲಿ ಎಂದರೆ ಸೊನ್ನೆ, ಬೇಡ ಎಂದರೆ ಗೀಟು.
ಪೆನ್ನು ಒಂದೇ, ಕೈಯಿಂದ ಕೈಗೆ.
ನನ್ನ ಕೈಗೆ ಬಂದಾಗ
ಬೆವರಿಗೆ ಜಾರುತ್ತಿತ್ತು,
ಬೇರೆ ಹತ್ತು ಜನರ ಬೆವರು.
ಇಪ್ಪತ್ತಮೂರು ಸಲ ಬಗ್ಗಿ
ಬಲೆಯೊಳಗಿಂದ ಚೆಂಡು ಹೆಕ್ಕಿದವನು
ಅವನ ಹೆಸರಿಗೆ ಗೀಟು ಎಳೆಯುವುದು ಹೇಗೆ?
ಸೊನ್ನೆ ಬರೆದರೆ ನನ್ನನ್ನೇ ಉಳಿಸಿಕೊಂಡಂತೆ.
ಏನೂ ಬರೆಯದೆ ಮಡಚಿದೆ.

ಐದು ಸೊನ್ನೆ. ಐದು ಗೀಟು.
ಖಾಲಿ ಚೀಟಿಯನ್ನು ಅಧ್ಯಕ್ಷ ಚಿಣ್ಣಪ್ಪ
ಕನ್ನಡಕ ತೆಗೆದು, ಮತ್ತೆ ಹಾಕಿ,
ಎರಡೂ ಮಗ್ಗುಲು ನೋಡಿ
"ಯಾವನಪ್ಪ ಇವನು" ಎಂದ.
ಭಾನುವಾರದ ಆಟ ಮುಗೀಲಿ, ಆಮೇಲೆ ನೋಡುವಾ.

ಮೆಟ್ಟಿಲಿಳಿದರೆ ಎಂಟೂವರೆ.
ಅಮ್ಮತ್ತಿ ಕಡೆಯ ಕೊನೆಯ ಬಸ್ಸು ಹೋಗಿತ್ತು.
ಇದೊಂದನ್ನು ಯಾರೂ ಯೋಚಿಸಿರಲಿಲ್ಲ.
ಜೀಪಿನ ಹಿಂಬಾಗಿಲು ತೆರೆದೇ ಇತ್ತು.

ಏಳು ಜನ ಹತ್ತಿದೆವು, ಗೀಟಿನವರು, ಸೊನ್ನೆಯವರು,
ಮೊಣಕಾಲಿಗೆ ಮೊಣಕಾಲು ತಾಗಿಸಿ.
ಹೂಮಳೆ ಬಿದ್ದು ಒಂಬತ್ತನೆಯ ದಿನ,
ಎರಡೂ ಬದಿಗೆ ಕಾಫಿ ಬೆಳ್ಳಗೆ ಅರಳಿತ್ತು.
ಜೀಪಿನೊಳಗೆ ಮಾತ್ರ ಗ್ಯಾಸಿನ ವಾಸನೆ,
ಹಗಲು ಸಿಲಿಂಡರು ಸಾಗಿಸುವ ಗಾಡಿ.
ಒಬ್ಬೊಬ್ಬರೂ ಇಳಿಯುವಾಗ
ಥ್ಯಾಂಕ್ಸ್ ಎಂದರು, ಎಂದಿಗಿಂತ ಜೋರಾಗಿ.
ಸಜೀರ್ ಎರಡು ಸಲ.

ಕೊನೆಗುಳಿದವನು ನಾನು.
ಗೇಟಿನ ಮುಂದೆ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ,
ಆರಿಸಿದರೆ ತಳ್ಳಬೇಕು.
ಏನಾಯ್ತೆಂದು ಕೇಳುತ್ತಾನೆ ಎಂದು ಕಾದೆ.

"ಎಡಗಡೆ ತುಂಬಾ ಬಿಡ್ತಾ ಇದ್ದೀಯ" ಅಂದ.
"ನಾಳೆ ಐದೂವರೆ."