ಕಡ್ಡಿ ಕಂಡಲ್ಲಿಗೆ ಸಾಕು

ಸೋಮಾ ಜೌಗಿನಲ್ಲಿ ಋತುಗಳು ಐದು.
ಐದನೆಯದು ನೀರು.
ಮಾರ್ಚಿ ಕೊನೆಗೆ ಹಿಮ ಕರಗಿ ಹೊಳೆ ದಂಡೆ ಮರೆತರೆ
ನನ್ನ ಅಂಚೆಯ ಸೈಕಲ್ಲು ಅಟ್ಟ ಹತ್ತುತ್ತದೆ.

ಅದಕ್ಕಾಗಿ ಒಂದು ಆಸ್ಪೆನ್ ಮರ.
ಗಾಳಿಯಿಲ್ಲದಾಗಲೂ ಎಲೆ ನಡುಗಿಸುತ್ತಿದ್ದದ್ದು
ಉರುಳಿದ ಮೇಲೆ ಒಮ್ಮೆಯೂ ಅಲುಗಲಿಲ್ಲ.
ಎಂಡೆಲ್ ಮುದುಕ ಬಂದ, ಕಡಿದ ಬಾಯಿ ಮೂಸಿದ,
ಕಾಂಡದ ಮೇಲೆ ಕೂತು ಪೈಪು ತುಂಬಿದ.
"ಹೊರಗು ಮೊದಲು," ಅಂದ.
ಆ ದಿನಕ್ಕೆ ಅಷ್ಟೇ ಮಾತು.

ಹೊರಗು ಮುಗಿಯಿತು: ಎರಡು ಮೊನೆ, ನಡುವೆ ಮೀನಿನ ಹೊಟ್ಟೆ.
ಆಮೇಲೆ ಕಡ್ಡಿಗಳು, ಮಸಿ ಬಳಿದವು,
ಎಲ್ಲ ಒಂದೇ ಅಳತೆ, ಹೆಬ್ಬೆರಳಗಲ,
ಮೈತುಂಬ ತೂತು ಕೊರೆದು ಬಡಿದೆ.
ಒಳಗೆ ಬಾಚಿಯಿಂದ ಕೆತ್ತುತ್ತ ಹೋಗು,
ಕಪ್ಪು ಚುಕ್ಕೆ ಕಂಡಲ್ಲಿ ಕೈ ತಡೆ.
ಸಾಕು ಎನ್ನುವುದು ಕೈಗೆ ತಿಳಿಯದು,
ಅದಕ್ಕೇ ಕಡ್ಡಿ.

ಹೋದ ವರ್ಷ ಒಂದು ಚುಕ್ಕೆ ದಾಟಿದ್ದೆ.
ಇನ್ನೊಂದೇ ಏಟು, ಚೆಂದಕ್ಕೆ.
ಬೆಂಕಿಯ ಮೇಲೆ ಹಿಗ್ಗಿಸುವಾಗ ಅಲ್ಲೇ ಸೀಳಿತು,
ಹಲ್ಲಿನ ನಡುವೆ ಬೀಜ ಒಡೆದಷ್ಟು ಸಣ್ಣ ಸದ್ದು.
ಈಗದು ಬಾತುಕೋಳಿಗಳ ಮರಿಗೆ.
ದಿನಾ ಬೆಳಿಗ್ಗೆ ನಾನೇ ನೀರು ಹೊಯ್ಯುತ್ತೇನೆ,
ಸೋರುತ್ತದೆ. ಬಾತುಗಳ ದೂರಿಲ್ಲ.

ಈ ಸಲ ಅಂಗಳದುದ್ದಕ್ಕೂ ಸಣ್ಣ ಉರಿ,
ಒಳಗೆ ಬಿಸಿನೀರು, ಅಂಚಿಗೆ ಒದ್ದೆ ಗೋಣಿ.
ತಂಗಿ ಹಿಲ್ಯಾ ಕೆಂಡ ಸರಿಸುವವಳು,
ನಾನು ಅಡ್ಡಗೋಲು ಬದಲಿಸುವವಳು:
ಗೇಣು, ಗೇಣಿನ ಮೇಲೆ ನಾಕು ಬೆರಳು, ಮೊಳ.
ಮರ ಆಕಳಿಸಿದಂತೆ ಬಾಯಿ ಬಿಟ್ಟಿತು,
ನಡುವಿನ ಅಂಚು ತಗ್ಗಿ ಮೂತಿಗಳು ಮೇಲೆದ್ದವು.
ಹಿಗ್ಗು ಅನ್ನುವುದು ಇದಕ್ಕೇ ಇರಬೇಕು,
ಒಳಗೆ ಕಾವು, ಹೊರಗೆ ಕಾವು, ಸೀಳುವ ಭಯ.
ಆರು ಗಂಟೆ ನಾವಿಬ್ಬರೂ ಮಾತಾಡಲಿಲ್ಲ.
ಸುಟ್ಟದ್ದು ಹಿಲ್ಯಾಳ ಬೂಟು ಮಾತ್ರ.

ಟಾರು ಬಳಿದು ಮೆಟ್ಟಿಲಿಗೆ ಕಟ್ಟಿಟ್ಟೆ.
ನೀರು ತಾನಾಗಿ ಬಂತು, ರಾತ್ರಿ:
ಮೊದಲು ಬೇಲಿಯ ಬುಡ,
ಆಮೇಲೆ ಬಾತುಗಳ ಮರಿಗೆ
(ಅದೂ ಒಂದಿಷ್ಟು ದೂರ ತೇಲಿತು, ಪಾಪ),
ಆಮೇಲೆ ಹಗ್ಗ ಬಿಗಿಯಾದ ಸದ್ದು.

ಮೊದಲ ಪಯಣ ಎಂಡೆಲ್ ಮನೆಗೆ.
ಅವನ ಹೆಸರಿಗಿದ್ದದ್ದು ಕರೆಂಟಿನ ಬಿಲ್ಲೊಂದೇ.
ಕಿಟಕಿಯಿಂದ ಬಗ್ಗಿದ, ಬಿಲ್ಲು ಮುಟ್ಟಲಿಲ್ಲ,
ಬೆರಳ ಗೆಣ್ಣಿನಿಂದ ದೋಣಿಯ ಪಕ್ಕೆ ತಟ್ಟಿದ,
ಕಿವಿಗೊಟ್ಟ, ಸ್ವಲ್ಪ ಈಚೆಗೆ ಇನ್ನೊಮ್ಮೆ ತಟ್ಟಿದ.
"ಇಲ್ಲಿ ದಪ್ಪ," ಅಂದ.

ಹೌದು.
ಅಲ್ಲಿ ಕಡ್ಡಿ ಕಾಣುವ ಮೊದಲೇ ನಿಲ್ಲಿಸಿದ್ದೆ.