ನಾನೂರ ಅರವತ್ನಾಲ್ಕು

ಕೋಟಿ ಕಾಳು ಬೆಳಕು ಎಸೆದರೆ
ಹೆಚ್ಚು ಕಡಿಮೆ ಎಲ್ಲವೂ ಹೋದ ಹಾಗೇ ಮರಳುತ್ತವೆ,
ಅದೇ ಹಸಿರು, ಅದೇ ಹುರುಪು,
ನಾನೇನೂ ನೋಡಿಲ್ಲ ಸ್ವಾಮೀ ಎನ್ನುವ ಸಾಕ್ಷಿಯಂತೆ.
ಅವನ್ನೆಲ್ಲ ಜೊಳ್ಳೆಂದು ತೂರಿಬಿಡುತ್ತೇನೆ.
ಕಾಯುವುದು ಆ ಒಂದಕ್ಕೆ:
ಒಳಗೆ ಯಾರಿಗೋ ಚೂರು ಕೊಟ್ಟು
ಬಣ್ಣಗೆಟ್ಟು ಬಂದದ್ದಕ್ಕೆ.

ಬೆಲೊ ಹೊರಿಜಾಂಟೆಯ ಈ ಕೋಣೆಗೆ ಕಿಟಕಿಯಿಲ್ಲ.
ಹೊರಗೆ ಜೂನ್ ತಿಂಗಳ ಚಳಿ, ಎಲ್ಲೋ ಹಬ್ಬದ ಪಟಾಕಿ.
ಮಸೂರದ ಕೆಳಗೆ ಒಂಟಿ ಇಂಗಾಲದ ಕೊಳವೆ,
ಕೂದಲನ್ನು ಐವತ್ತು ಸಾವಿರ ಸಲ ಸೀಳಿದರೆ
ಸಿಗಬಹುದಾದ ಎಳೆ.
ರಾತ್ರಿ ಹನ್ನೊಂದಕ್ಕೆ ಪೊರಕೆಯ ಹಿಡಿಯಿಂದ
ಎರಡು ಸಲ ಬಾಗಿಲು ಬಡಿಯುವವರು ದೋನಾ ಜಂದೀರಾ.
ಕೆಂಪು ದೀಪ ಆರುವ ತನಕ ಒಳಗೆ ಬರುವವರಲ್ಲ.
ನೆಲ ಒರೆಸಿ, ಸ್ಟೂಲಿನ ಮೇಲೆ ಕೂತು,
ಪರದೆಯ ಗೆರೆ ನೋಡುತ್ತಾರೆ,
ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ.

"ಇದೇನು, ಈ ಗುಬುಟು?"
ನೂರ ಎಂಬತ್ತರಲ್ಲಿ ಎದ್ದದ್ದನ್ನು ತೋರಿಸಿ ಹೇಳಿದೆ:
ಕೊಳವೆ ಇಡಿಯಾಗಿ ಉಬ್ಬುತ್ತದೆ, ತಗ್ಗುತ್ತದೆ,
ಸುತ್ತಿನ ಪರಮಾಣುಗಳೆಲ್ಲ ಒಟ್ಟಿಗೇ
ಹೊರಗೊಮ್ಮೆ, ಒಳಗೊಮ್ಮೆ.
ಅದರಿಂದ ಅಗಲ ಲೆಕ್ಕ ಹಾಕುತ್ತೇವೆ.
ನಮ್ಮವರು ಇದಕ್ಕೆ ಉಸಿರಾಟ ಅನ್ನುತ್ತಾರೆ.

"ಒಳಗೆ ಗಾಳಿ ಇದೆಯೇ?"
ಇಲ್ಲ.
"ಮತ್ತೆ ಉಸಿರು ಯಾಕೆ?"
ನನಗೆ ತಿಳಿಯಲಿಲ್ಲ.
"ಹೆಸರಿಟ್ಟವರ ಎದೆ ಚೆನ್ನಾಗಿತ್ತು ಅಂತ ಕಾಣುತ್ತೆ,"
ಎಂದು ಬಕೆಟ್ ಎತ್ತಿಕೊಂಡರು.

ಅನ್ಸೆಲ್ಮು ನೋವಾ ಲೀಮಾದ ಚಿನ್ನದ ಗಣಿಯಲ್ಲಿ
ಇಪ್ಪತ್ತೆರಡು ವರ್ಷ ಬಂಡೆ ಕೊರೆದ.
ಇದನ್ನು ಹೇಳಿದ್ದು ಮತ್ತೊಂದು ರಾತ್ರಿ, ಕಾಫಿಯ ಜೊತೆ,
ಯಾರದೋ ಊರಿನ ಸುದ್ದಿ ಹೇಳಿದಂತೆ.
ಕಂಪನಿಯ ಡಾಕ್ಟರು ಕಡ್ಡಿ ಗೀರಿ
ಬಾಯ ಮುಂದೆ ಹಿಡಿದು ಊದು ಅಂದನಂತೆ.
ಊದಿದ. ಊದಿದ.
ಕಡ್ಡಿ ಡಾಕ್ಟರನ ಬೆರಳ ತನಕ ಉರಿಯಿತು.
ಕಾಗದದಲ್ಲಿ ಕಾರಣ ಬರೆದರು: ಹೊಗೆಸೊಪ್ಪು.
"ಸೇದುತ್ತಿದ್ದ, ಸುಳ್ಳಲ್ಲ,
ಭಾನುವಾರ ಒಂದೋ ಎರಡೋ."

ಸೋಮವಾರ ಬಿಸ್ಕತ್ತಿನ ಡಬ್ಬಿ ತಂದರು.
ಡಬ್ಬಿಯಲ್ಲಿ ಟೋಪಿ,
ಟೋಪಿಯ ಹೊಲಿಗೆಯಲ್ಲಿ ಬೂದು ಧೂಳು.
"ಇದಕ್ಕೂ ಆ ಬೆಳಕು ಬಿಡು."

ಧೂಳು ಈ ಕೋಣೆಗೆ ನಿಷಿದ್ಧ.
ಪ್ರೊಫೆಸರ್ ಅವ್ರೇಲಿಯಾ ಕಂಡರೆ ನನ್ನ ಚರ್ಮ ಸುಲಿಯುತ್ತಾರೆ.
ಅಂಟುಪಟ್ಟಿಗೆ ಚಿಟಿಕೆ ಒತ್ತಿ ಗಾಜು ಮುಚ್ಚಿದೆ,
ಕಣ್ಣು ಕಿರಿದಾಗಿಸಿ ಒಂದು ಬಿಳಿ ಹರಳು ಹುಡುಕಿದೆ.
ಹತ್ತು ಸೆಕೆಂಡು.

ನಾನೂರ ಅರವತ್ನಾಲ್ಕು.
ಅಷ್ಟು ಚೂಪು ಶಿಖರ ನನ್ನ ಕೊಳವೆಗಳು
ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೊಟ್ಟಿರಲಿಲ್ಲ.
ಬೆಣಚುಕಲ್ಲು, ಎಂದೆ.
ಕೇಳಿದ ತಕ್ಷಣ ತನ್ನ ಹೆಸರು ಹೇಳುವ ಕಲ್ಲು.

"ಹೊಗೆಸೊಪ್ಪು ಆಗಿದ್ದರೆ ಎಲ್ಲಿ ಏಳುತ್ತಿತ್ತು?"
ಬೆರಳನ್ನು ಬಲಕ್ಕೆ ಜಾರಿಸಿದೆ:
ಮಸಿಗೆ ಇಲ್ಲಿ, ಸಾವಿರದ ಮುನ್ನೂರೈವತ್ತರ ಸುತ್ತ ಒಂದು ದಿಬ್ಬ,
ಸಾವಿರದ ಆರುನೂರರ ಹತ್ತಿರ ಇನ್ನೊಂದು.
ಅಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡಿತ್ತು.
"ಅಲ್ಲಿ ಏನೂ ಇಲ್ಲ," ಅಂದರು.

ಹೇಳಲೇಬೇಕಿತ್ತು, ಹೇಳಿದೆ:
ದೋನಾ ಜಂದೀರಾ, ಇದು ಟೋಪಿ, ಎದೆಯಲ್ಲ,
ಇದರಿಂದ ಏನೂ ಸಾಬೀತಾಗುವುದಿಲ್ಲ,
ಒಂದು ಹರಳಿನ ಮಾತು ಯಾವ ಕೋರ್ಟೂ ಕೇಳುವುದಿಲ್ಲ.
"ಕೋರ್ಟಿಗೆ ಯಾರು ಹೊರಟರು?
ಅಚ್ಚು ಹಾಕಿ ಕೊಡು."
ಕಾಗದವನ್ನು ನಾಲ್ಕು ಮಡಿಕೆ ಮಾಡಿ
ಟೋಪಿಯೊಳಗಿಟ್ಟು ಡಬ್ಬಿ ಒತ್ತಿ ಮುಚ್ಚಿದರು.
ಆಮೇಲೆ ಮೆಟ್ಟಿಲ ಕಡೆ ಪೊರಕೆಯ ಸದ್ದು.

ಮಸೂರ ಒರೆಸಿದೆ. ಮತ್ತೆ ಒರೆಸಿದೆ.
ಸಿಲಿಕಾನ್ ಬಿಲ್ಲೆ ಇಟ್ಟು ಐನೂರ ಇಪ್ಪತ್ತಕ್ಕೆ ಗೆರೆ ಹೊಂದಿಸಿದೆ,
ಪ್ರತಿ ಪಾಳಿಯಲ್ಲೂ ಮಾಡುವ ಹಾಗೆ,
ಅದೂ ಆ ಕಲ್ಲಿನ ಬಂಧುವೇ ಎಂದು
ಅಂದೇ ಹೊಳೆದವನ ಹಾಗೆ.

ದಾಖಲೆ ಪುಸ್ತಕದಲ್ಲಿ ಬರೆದೆ:
ಮಾದರಿ ಏಳು. ಟೋಪಿಯ ಧೂಳು.
ಬೆಳಕು: ಹಸಿರು. ಕೊಟ್ಟವರು: ಅನ್ಸೆಲ್ಮು, ಗಣಿ ಕೆಲಸ.
ಷರಾ ಅನ್ನುವ ಖಾನೆಯಲ್ಲಿ
ಪೆನ್ನು ಊರಿದ್ದು ಊರಿದಂತೆಯೇ
ಶಾಯಿ ಚುಕ್ಕೆಯಾಗಿ ಹಬ್ಬಿತು.