ಅಳತೆಯ ಕಡಲು

ಕುದಿಸಿ ಆರಿಸಿದ ನೀರು ಒಂದು ಲೋಟ,
ಅರ್ಧ ಚಮಚ ಉಪ್ಪು, ಅಂಗಡಿಯದು.
"ಅಂಗಳದ ತುಂಬ ಬಿದ್ದಿದೆಯಲ್ಲ ಅಜ್ಜಿ, ದುಡ್ಡು ಯಾಕೆ?"
"ಅದು ಉಪ್ಪಲ್ಲ ಆಯ್ದೋಸ್,
ಹತ್ತಿಹೊಲಕ್ಕೆ ಹೊಡೆದ ವಿಷವೆಲ್ಲ ಅದರಲ್ಲಿದೆ."

ಮೂರು ದಿನ ಬೀಸಿತು ಮೊಯ್ನಾಕಿನ ಬಿಳಿ ಗಾಳಿ.
ಕಿಟಕಿ ಸಂದಿಗೆ ತುರುಕಿದ ಒದ್ದೆ ಬಟ್ಟೆ
ಒಣಗಿ ಹಪ್ಪಳ.
ಬೀಬಿಸಾರಾಳ ಹುಬ್ಬಿನ ಹಿಂದೊಂದು ಕಲ್ಲು;
ಬಗ್ಗಿದರೆ ಅದೂ ಬಗ್ಗುತ್ತದೆ.

ಬೋಗುಣಿಯ ಮೇಲೆ ತಲೆ ವಾಲಿಸಿ,
ಬಾಯಲ್ಲೇ ಉಸಿರಾಡುತ್ತ,
ಚಹಾ ಕೆಟಲಿನ ಮೂತಿ ಬಲ ಹೊಳ್ಳೆಗಿಟ್ಟಳು.
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಒಳಗೆಲ್ಲೋ ಗುಳುಕ್ಕೆಂದು
ಅಗುಳಿ ಸರಿದಂತಾಗಿ
ಎಡ ಹೊಳ್ಳೆಯಿಂದ ತೊಟ್ಟು, ತೊಟ್ಟು,
ಧಾರೆ.

ಹುಡುಗನಿಗೆ ನಗುವೋ ನಗು.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನಾನೆಲ್ಲಿ ತಿಂದೆ? ಗಾಳಿ ತಿನ್ನಿಸಿತು.
ಕುಡಿಯುವುದೂ ಮೂಗಿನಲ್ಲೇ ಬಂತು.

ತುಟಿಗಿಳಿದ ಹನಿಯನ್ನು
ಅಕಸ್ಮಾತ್ತಾಗಿ ನೆಕ್ಕಿದಳು,
ತಡೆದು, ಇನ್ನೊಮ್ಮೆ ನೆಕ್ಕಿದಳು.

ಇದೇ ರುಚಿ.
ಒಂಬತ್ತರ ವಯಸ್ಸಿನಲ್ಲಿ
ದೋಣಿಕಟ್ಟೆಯಿಂದ ಧುಮುಕಿದಾಗ
ಮೂಗಿಗೆ ನುಗ್ಗಿದ ಅರಲ್, ಉರಿದಿರಲಿಲ್ಲ;
ಬೇರೆ ಕಡಲುಗಳಂತಲ್ಲ ಅದು,
ಕಣ್ಣೀರಿನಷ್ಟೇ ಉಪ್ಪು.
ನುಕುಸಿನ ಡಾಕ್ಟರಿಗೆ ಇದು ಗೊತ್ತೇ?
ಆಕೆಗಿನ್ನೂ ಮೂವತ್ತು ದಾಟಿಲ್ಲ,
ಚೀಟಿಯಲ್ಲಿ ಬರೆದದ್ದು ಬರೀ ಚಮಚದ ಲೆಕ್ಕ.

ಕಟ್ಟೆ ಅಲ್ಲೇ ಇದೆ. ಅಲ್ಲಿಂದ ನೀರಿಗೆ
ಜೀಪಿನಲ್ಲಿ ಅರ್ಧ ದಿನ.

ಸೀನಿದಳು. ಕಲ್ಲು ಕರಗಿತು, ಅರ್ಧ.
ಮೂಗರಳಿಸಿ ಸುತ್ತ ನೋಡಿದಳು:
ಎಲ್ಲಿಂದ ಈ ಹಸಿ ಕುರಿಯ ನಾತ?
"ಆಯ್ದೋಸ್, ತಲೆಗೆ ನೀರು ಹಾಕಿ ಎಷ್ಟು ದಿನವಾಯ್ತೋ?
ಬಾ ಇಲ್ಲಿ!"
ಅವನು ಆಗಲೇ ಬಾಗಿಲಾಚೆ.